ಪ್ರೇಮ ಮದುವೆಗೆ ಷರತ್ತಾದ ಮೇಲೆ

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಷಾರ್ಲೆಟ್ ಲ್ಯೂಕಸ್ ಎಂಬ ಇಪ್ಪತ್ತೇಳು ವರ್ಷದ ಹೆಣ್ಣುಮಗಳೊಬ್ಬಳು ಬರುತ್ತಾಳೆ. ಕಾಲಿನ್ಸ್ ಎಂಬ ಪಾದ್ರಿ ಮೊದಲು ಅವಳ ಗೆಳತಿ ಎಲಿಜಬೆತ್‌ಳನ್ನು ಮದುವೆಗೆ ಕೇಳಿ, ಇಲ್ಲವೆನ್ನಿಸಿಕೊಂಡು, ಮೂರು ದಿನ ತುಂಬುವುದರೊಳಗೆ ಷಾರ್ಲೆಟ್‌ಳನ್ನು ಕೇಳುತ್ತಾನೆ. ಅವಳು ಒಪ್ಪಿಬಿಡುತ್ತಾಳೆ. ಎಲಿಜಬೆತ್ ಕಂಗಾಲಾದಾಗ ಷಾರ್ಲೆಟ್ ಕೊಡುವ ಉತ್ತರ ಚಿಕ್ಕದು: ತಾನು ರೊಮ್ಯಾಂಟಿಕ್ ಸ್ವಭಾವದವಳಲ್ಲ, ಎಂದೂ ಆಗಿರಲಿಲ್ಲ, ನೆಮ್ಮದಿಯ ಒಂದು ಮನೆ ಸಿಕ್ಕರೆ ಸಾಕು. ಮುಂದೆ ಎಲಿಜಬೆತ್ ಆ ಮನೆಗೆ ಹೋಗಿ ಉಳಿದಾಗ ಷಾರ್ಲೆಟ್ ಸಂಸಾರ ಹೂಡಿಕೊಂಡ ರೀತಿ ಕಣ್ಣಿಗೆ ಬೀಳುತ್ತದೆ. ಕೋಳಿ ಸಾಕಣೆ, ಮನೆವಾರ್ತೆ, ಊರವರ ಒಡನಾಟ ಎಲ್ಲವೂ ಹದವಾಗಿದೆ. ತಾನು ಕೂರುವುದಕ್ಕೆ ಮಾತ್ರ ಆಕೆ ಹಿಂಬದಿಯ ಸಾಧಾರಣ ಕೋಣೆಯನ್ನು ಆರಿಸಿಕೊಂಡಿದ್ದಾಳೆ. ಮುಂದಿನ ಚೆಂದದ ಕೋಣೆಯಲ್ಲಿ ಕೂತರೆ ಗಂಡ ಗಳಿಗೆಗೊಮ್ಮೆ ಬಂದು ಮಾತಿಗಿಳಿಯುತ್ತಾನೆ ಎಂಬುದು ಅವಳಿಗೆ ಗೊತ್ತು. ಆಸ್ಟಿನ್ ಈ ಪಾತ್ರವನ್ನು ಮರುಕದಿಂದಲೂ ಸ್ವಲ್ಪ ಅಸಮಾಧಾನದಿಂದಲೂ ನೋಡುತ್ತಾಳೆ. ಆದರೆ ಷಾರ್ಲೆಟ್‌ಳನ್ನು ವಿಚಿತ್ರ ಪ್ರಾಣಿಯೆಂದು ಆ ಊರಿನಲ್ಲಿ ಯಾರೂ ನೋಡುವುದಿಲ್ಲ. ಅವಳ ತಂದೆತಾಯಿ ಹಿಗ್ಗುತ್ತಾರೆ, ನೆರೆಹೊರೆಗೆ ಅದು ಬುದ್ಧಿವಂತಿಕೆಯ ಮದುವೆ.

ಇಂದು ಲಂಡನ್ನಿನಲ್ಲೋ ಟೊರಾಂಟೋದಲ್ಲೋ ಆ ವಯಸ್ಸಿನ ಹೆಣ್ಣು ಅದೇ ಮಾತು ಹೇಳಿದರೆ ಅದಕ್ಕೆ ಒಂದು ಹೆಸರಿದೆ: ಅರೊಮ್ಯಾಂಟಿಕ್. ಯಾರ ಮೇಲೂ ಪ್ರಣಯದ ಸೆಳೆತ ಹುಟ್ಟದ, ಅಥವಾ ತೀರ ಅಪರೂಪಕ್ಕೆ ಎಂಬಂತೆ ಹುಟ್ಟುವ ವ್ಯಕ್ತಿ ಎಂದು ಅದರ ಅರ್ಥ. ಮುಂದಿರುವ ಅಕ್ಷರ ಗ್ರೀಕಿನ ನಿಷೇಧದ ‘ಅ’; ಸಂಸ್ಕೃತದ ‘ಅ’ಕಾರಕ್ಕೂ ಅದಕ್ಕೂ ಒಂದೇ ಮೂಲ, ಹಾಗಾಗಿ ನಮ್ಮ ಕಿವಿಗೆ ಪದ ಅಪರಿಚಿತವೆನಿಸುವುದಿಲ್ಲ. ಷಾರ್ಲೆಟ್ ಅರೊಮ್ಯಾಂಟಿಕ್ ಆಗಿದ್ದಳೆಂದು ವಾದಿಸುವುದು ನನ್ನ ಉದ್ದೇಶವಲ್ಲ; ಅವಳ ಬಗ್ಗೆ ಆಸ್ಟಿನ್ ಹೇಳಿದ್ದಕ್ಕಿಂತ ಹೆಚ್ಚು ತಿಳಿಯುವ ದಾರಿ ನಮಗಿಲ್ಲ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. 1813ರಲ್ಲಿ ಬೇಕಾಗದ ಹೆಸರು ಎರಡು ಶತಮಾನ ಕಳೆಯುವಷ್ಟರಲ್ಲಿ ಯಾಕೆ ಬೇಕಾಯಿತು? ಅಂಥ ಜನ ಈಗ ಹೊಸದಾಗಿ ಹುಟ್ಟಿಕೊಂಡರು ಎಂಬ ಉತ್ತರ ಸುಲಭ, ಆದರೆ ಪುರಾವೆಗಳು ಅದನ್ನು ಹೇಳುತ್ತಿಲ್ಲ. ಬದಲಾದದ್ದು ಮದುವೆ. ಮನೆ, ಆಸ್ತಿ, ಮಕ್ಕಳು, ಮುಪ್ಪಿನ ಆಸರೆ ಇವಿಷ್ಟಕ್ಕೂ ಒಂದೇ ಬಾಗಿಲು, ಆ ಬಾಗಿಲಿಗೆ ಪ್ರೇಮವೊಂದೇ ಕೀಲಿ ಎಂದು ಪಶ್ಚಿಮದ ಸಮಾಜ ತೀರ್ಮಾನಿಸಿದ ಮೇಲೆ, ಆ ಕೀಲಿ ಇಲ್ಲದವರು ಹೊರಗೆ ನಿಂತರು. ಹೊರಗೆ ನಿಂತವರು ತಮ್ಮನ್ನು ಕರೆದುಕೊಂಡ ಹೆಸರು ಇದು.

ಮೂಲ ಪದದ ಪಯಣವೇ ಈ ಬದಲಾವಣೆಗೆ ಮೊದಲ ಸಾಕ್ಷಿ. ಹಳೆಯ ಫ್ರೆಂಚಿನ ‘ರೊಮಾನ್ಸ್’ ಎಂದರೆ ಲ್ಯಾಟಿನ್ನಿನಲ್ಲಿ ಬರೆಯದೆ ಜನರ ಆಡುನುಡಿಯಲ್ಲಿ ಬರೆದದ್ದು ಎಂದಷ್ಟೇ. ಹನ್ನೆರಡನೆಯ ಶತಮಾನದಲ್ಲಿ ಕ್ರೆಟಿಯಾಂ ದ ತ್ರುವಾನಂಥವರು ಆ ನುಡಿಯಲ್ಲಿ ರಾಜ ಆರ್ಥರನ ವೀರರ ಕಥೆಗಳನ್ನು ಬರೆದರು. ಭಾಷೆಯ ಹೆಸರು ಕಥೆಯ ಹೆಸರಾಯಿತು. ಸಾಹಸ, ಮಾಟ, ಕಾಡು, ಕೋಟೆ, ನಡುವೆ ಒಬ್ಬ ರಾಣಿಯ ಮೇಲಿನ ಮೋಹ, ಎಲ್ಲಾ ಸೇರಿ ರೊಮಾನ್ಸ್. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟು ಹೊರತಂದಾಗ ‘ರೊಮ್ಯಾಂಟಿಕ್’ ಎಂಬುದಕ್ಕೆ ಕೊಟ್ಟ ಅರ್ಥಗಳು ಅಂಥ ಕಥೆಗಳಂತಿರುವುದು, ನಂಬಲಾಗದ್ದು, ಸುಳ್ಳು, ಕಲ್ಪನೆಯ ಅತಿರೇಕದ್ದು ಎಂಬ ಬಗೆಯವು. ಪ್ರೇಮದ ಸೊಲ್ಲೇ ಅಲ್ಲಿಲ್ಲ. ಷಾರ್ಲೆಟ್ ತಾನು ರೊಮ್ಯಾಂಟಿಕ್ ಅಲ್ಲವೆಂದಾಗಲೂ ಈ ಹಳೆಯ ಅರ್ಥದ ನೆರಳಿದೆ: ತಾನು ಕಥೆಪುಸ್ತಕ ನಂಬಿ ಬದುಕುವವಳಲ್ಲ ಎಂಬ ಹೆಮ್ಮೆ. ಆ ಕಾಲಕ್ಕೆ ರೊಮ್ಯಾಂಟಿಕ್ ಆಗಿರುವುದೇ ಒಂದು ಐಬು, ಆಗದಿರುವುದು ವಿವೇಕ. ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಈ ತಕ್ಕಡಿ ಮೆಲ್ಲಗೆ ಇನ್ನೊಂದು ಕಡೆಗೆ ವಾಲಿತು. ಕಾರ್ಖಾನೆ, ಸಂಬಳ, ಪಟ್ಟಣವಾಸ ಬಂದು ಯುವಕ ಯುವತಿಯರು ಅಪ್ಪನ ಹೊಲದ ಹಂಗಿನಿಂದ ಹೊರಬಿದ್ದ ಹಾಗೆ ಒಲಿದು ಮದುವೆಯಾಗುವುದು ಸಾಧ್ಯವೂ ಆಯಿತು, ಸರಿಯೆಂದೂ ಅನ್ನಿಸಿಕೊಂಡಿತು. ಮದುವೆಯ ಚರಿತ್ರೆ ಬರೆದ ಸ್ಟೆಫನಿ ಕೂಂಟ್ಸ್ 2005ರ ತಮ್ಮ ಗ್ರಂಥದಲ್ಲಿ ತೋರಿಸುವಂತೆ, ಪ್ರೇಮವನ್ನೇ ಮದುವೆಯ ಮುಖ್ಯ ಆಧಾರವಾಗಿ ಮಾಡಿದ್ದು ಮನುಷ್ಯನ ದೀರ್ಘ ಇತಿಹಾಸದಲ್ಲಿ ತೀರ ಈಚಿನದು. ಸಾವಿರಾರು ವರ್ಷ ಮದುವೆಯ ಕೆಲಸ ಬೀಗರನ್ನು ಗಳಿಸುವುದು, ದುಡಿಯುವ ಕೈ ಸೇರಿಸುವುದು, ಆಸ್ತಿಯನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಇವೇ ಆಗಿತ್ತು.

ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರ ಸೆಳೆತಗಳಿಗೆ ಹೆಸರಿಡುವ ಕೆಲಸವೂ ಶುರುವಾಯಿತು. ಹಂಗೇರಿಯ ಲೇಖಕ ಕಾರ್ಲ್ ಮರಿಯಾ ಕೆರ್ಟ್‌ಬೆನಿ 1868ರಲ್ಲಿ ಒಂದು ಪತ್ರದಲ್ಲಿ ಹೋಮೋಸೆಕ್ಷುಯಲ್, ಹೆಟೆರೋಸೆಕ್ಷುಯಲ್ ಎಂಬ ಎರಡೂ ಪದಗಳನ್ನು ಬಳಸಿದ. ಜರ್ಮನಿಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1896ರಲ್ಲಿ ಬರೆಯುವಾಗ ಯಾವ ಕಾಮದ ಆಸೆಯೂ ಇಲ್ಲದವರ ಪ್ರಸ್ತಾಪ ಮಾಡಿದರು. ಅಮೆರಿಕದ ಆಲ್ಫ್ರೆಡ್ ಕಿನ್ಸಿ 1948ರ ತಮ್ಮ ವರದಿಯಲ್ಲಿ ಸೊನ್ನೆಯಿಂದ ಆರರವರೆಗಿನ ಪ್ರಸಿದ್ಧ ಅಳತೆಗೋಲನ್ನು ಕೊಟ್ಟು, ಅದರಲ್ಲಿ ಎಲ್ಲೂ ಕೂರದವರಿಗೆ ‘ಎಕ್ಸ್’ ಎಂಬ ಗುರುತು ಹಾಕಿ ಪಕ್ಕಕ್ಕಿಟ್ಟರು. ಈ ಸಾಲಿನಲ್ಲಿ ಎದ್ದು ಕಾಣುವ ಸಂಗತಿಯೊಂದಿದೆ. ಇವರೆಲ್ಲ ಅಳೆದದ್ದು ದೇಹದ ಬಯಕೆಯನ್ನು. ಹೃದಯದ ವಿಷಯಕ್ಕೆ ಬೇರೆ ಕೋಲು ಬೇಕೆಂದು ಯಾರಿಗೂ ತೋಚಲಿಲ್ಲ, ಯಾಕೆಂದರೆ ಎರಡೂ ಒಂದೇ ದಾರದಲ್ಲಿ ಕಟ್ಟಿಬಂದಿವೆ ಎಂಬುದು ಪ್ರಶ್ನೆಗೇ ಬಾರದ ನಂಬಿಕೆ. ದೇಹಕ್ಕೆ ಬಯಕೆಯಿದ್ದು ಮನಸ್ಸಿಗೆ ಪ್ರಣಯವಿಲ್ಲದವರು, ಮನಸ್ಸು ಒಲಿದರೂ ದೇಹ ಬಯಸದವರು, ಎರಡೂ ಇಲ್ಲದವರು, ಇವರೆಲ್ಲ ಕಿನ್ಸಿಯ ಕಾಗದದ ಮೇಲೆ ಎಲ್ಲೆಲ್ಲೋ ಹಂಚಿಹೋಗಿ ಕಣ್ಮರೆಯಾದರು.

ಆ ದಾರವನ್ನು ಮೊದಲು ಬಿಚ್ಚಿದವರಲ್ಲಿ ಡೊರೊತಿ ಟೆನೊವ್ ಅವರಿಗೆ ಗಟ್ಟಿಯಾದ ಸ್ಥಾನವಿದೆ. ಅಮೆರಿಕದ ಬ್ರಿಡ್ಜ್‌ಪೋರ್ಟ್ ವಿಶ್ವವಿದ್ಯಾಲಯದ ಈ ಮನಶ್ಶಾಸ್ತ್ರಜ್ಞೆ ಪ್ರೇಮದಲ್ಲಿ ಬಿದ್ದ ಅನುಭವದ ಬಗ್ಗೆ ನೂರಾರು ಜನರನ್ನು ಕೇಳಿ 1979ರಲ್ಲಿ ‘ಲವ್ ಅಂಡ್ ಲಿಮರೆನ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಒಬ್ಬರ ನೆನಪು ಹಗಲಿರುಳು ತಲೆ ಬಿಟ್ಟು ಹೋಗದಿರುವುದು, ಅವರ ಒಂದು ನೋಟದಲ್ಲಿ ಭರವಸೆ ಹುಡುಕುವುದು, ಎದುರಿಗೆ ಬಂದಾಗ ನಾಲಿಗೆ ತೊದಲುವುದು, ಅವರ ಕುಂದು ಕೂಡ ಚೆಂದ ಕಾಣುವುದು ಇಂಥ ಲಕ್ಷಣಗಳ ಸ್ಥಿತಿಗೆ ಅವರು ‘ಲಿಮರೆನ್ಸ್’ ಎಂದು ಹೆಸರಿಟ್ಟರು. ಯಾವ ಭಾಷೆಯ ಬೇರೂ ಇಲ್ಲದ ಪದ ಅದು, ಕೇಳಲು ಚೆನ್ನಾಗಿದೆಯೆಂದು ಆರಿಸಿದ್ದು ಎಂದು ಅವರೇ ಹೇಳಿಕೊಂಡಿದ್ದರು. ಪುಸ್ತಕದ ಹೆಚ್ಚಿನ ಭಾಗ ಈ ಸ್ಥಿತಿಯ ವರ್ಣನೆಗೇ ಮೀಸಲು. ಆದರೆ ನನ್ನ ಮಟ್ಟಿಗೆ ಅದರ ದೊಡ್ಡ ಶೋಧ ಬೇರೆ: ಇಂಥದ್ದೊಂದು ತಮಗೆ ಎಂದೂ ಆಗಿಲ್ಲ ಎನ್ನುವವರು ಅವರಿಗೆ ಸಿಕ್ಕರು. ಅವರು ಕಾಯಿಲೆಯವರಲ್ಲ, ಕಲ್ಲುಹೃದಯದವರಲ್ಲ. ಅವರಲ್ಲಿ ಅಕ್ಕರೆಯಿತ್ತು, ಸಂಸಾರವೂ ಇತ್ತು. ಪ್ರೇಮದ ಹುಚ್ಚಿನ ಮಾತೆಲ್ಲ ಕವಿಗಳ ಉತ್ಪ್ರೇಕ್ಷೆ ಎಂದು ಅವರು ಭಾವಿಸಿದ್ದರು, ಅನುಭವಿಸಿದವರಿಗೋ ಅದು ಆಗದ ಮನುಷ್ಯ ಇರಬಹುದೆಂಬುದೇ ನಂಬಲಾಗದ ಮಾತು. ಇಬ್ಬರೂ ಒಂದೇ ‘ಪ್ರೀತಿ’ ಎಂಬ ಪದವನ್ನು ಬಳಸುತ್ತ ಬೇರೆಬೇರೆ ವಿಷಯ ಮಾತಾಡುತ್ತಿದ್ದರು. ಟೆನೊವ್ ಆ ಅನುಭವವಾಗದವರನ್ನು ‘ನಾನ್‌ಲಿಮರೆಂಟ್’ ಎಂದು ಕರೆದರು. ಅಂತರ್ಜಾಲ ಜನರ ಕೈಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಗುಂಪು ಶಾಸ್ತ್ರದ ದಾಖಲೆಗೆ ಬಂದಿತ್ತು ಎಂಬುದನ್ನು ನೆನಪಿಡಬೇಕು.

ಅದೇ ಹೊತ್ತಿನಲ್ಲಿ ಮದುವೆಯ ಷರತ್ತು ಬಿಗಿಯಾದದ್ದಕ್ಕೆ ಅಂಕಿಗಳಲ್ಲೇ ಸಾಕ್ಷಿಯಿದೆ. 1967ರಲ್ಲಿ ವಿಲಿಯಂ ಕೆಫಾರ್ಟ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿದ: ನೀವು ಬಯಸುವ ಬೇರೆಲ್ಲ ಗುಣಗಳೂ ಒಬ್ಬರಲ್ಲಿದ್ದು, ಅವರ ಮೇಲೆ ನಿಮಗೆ ಪ್ರೇಮವಿಲ್ಲದಿದ್ದರೆ ಅವರನ್ನು ಮದುವೆಯಾಗುತ್ತೀರಾ? ಇಲ್ಲ ಎಂದವರು ಗಂಡುಮಕ್ಕಳಲ್ಲಿ ಸುಮಾರು ಶೇಕಡಾ 65, ಹೆಣ್ಣುಮಕ್ಕಳಲ್ಲಿ ಶೇಕಡಾ 24 ಮಾತ್ರ. ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಖಚಿತವಾಗಿ ಹೇಳಲಾಗದೆ ಉಳಿದರು. ಷಾರ್ಲೆಟ್‌ಳ ಲೆಕ್ಕಾಚಾರ ಆ ತಲೆಮಾರಿನ ಹೆಣ್ಣಿಗೂ ಅರ್ಥವಾಗುತ್ತಿತ್ತು, ಯಾಕೆಂದರೆ ಗಂಡನ ಸಂಬಳವಿಲ್ಲದೆ ಅವಳಿಗೆ ಮನೆಯಿರಲಿಲ್ಲ. 1984ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಗಂಡು ಹೆಣ್ಣು ಇಬ್ಬರಲ್ಲೂ ಸುಮಾರು ಶೇಕಡಾ 85 ಜನ ಇಲ್ಲ ಎಂದರು. ಹದಿನೇಳು ವರ್ಷಗಳಲ್ಲಿ ಹೆಣ್ಣಿಗೆ ಕೆಲಸ ಸಿಕ್ಕಿತು, ಸ್ವಂತ ಬ್ಯಾಂಕ್ ಖಾತೆ ಸಿಕ್ಕಿತು, ಪ್ರೇಮವಿಲ್ಲದ ಮದುವೆಗೆ ಬೇಡವೆನ್ನುವ ಶಕ್ತಿಯೂ ಸಿಕ್ಕಿತು. ಅದು ನಿಜವಾದ ಗೆಲುವು, ಅದನ್ನು ಹಗುರವಾಗಿ ನೋಡಬಾರದು. ಆದರೆ ಆ ಗೆಲುವಿನ ಜೊತೆಗೇ ಪ್ರೇಮ ಆಯ್ಕೆಯಾಗಿದ್ದದ್ದು ಅರ್ಹತೆಯಾಯಿತು. ಮದುವೆಯಾಗದೆ ಉಳಿಯುವುದಕ್ಕೆ ಮರ್ಯಾದೆಯ ಬೇರೆ ದಾರಿಗಳು, ಅಂದರೆ ಅಣ್ಣನ ಮನೆಯಲ್ಲಿ ಮಕ್ಕಳನ್ನು ಬೆಳೆಸುವ ಸೋದರತ್ತೆ, ಗೆಳತಿಯೊಡನೆ ಮನೆ ಮಾಡಿದ ಶಿಕ್ಷಕಿ, ಕಾನ್ವೆಂಟಿನ ಸೋದರಿ, ಈ ಪಾತ್ರಗಳೆಲ್ಲ ಅದೇ ಶತಮಾನದಲ್ಲಿ ಬೆಲೆ ಕಳೆದುಕೊಂಡವು.

ಈ ಹಿನ್ನೆಲೆಯಲ್ಲಿ ಪದ ಹುಟ್ಟಿತು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೇವಿಡ್ ಜೇ 2001ರಲ್ಲಿ ಅಸೆಕ್ಷುಯಲ್ ಜನರಿಗಾಗಿ ‘ಎವೆನ್’ ಎಂಬ ಜಾಲವನ್ನು ಆರಂಭಿಸಿದರು. ಲೈಂಗಿಕ ಸೆಳೆತವಿಲ್ಲದವರು ಜಗತ್ತಿನ ಮೂಲೆಮೂಲೆಯಿಂದ ಅಲ್ಲಿ ಸೇರಿದರು. ಸೇರಿದ ಮೇಲೆ ತಿಳಿದದ್ದು, ತಾವೆಲ್ಲ ಒಂದೇ ಬಗೆಯವರಲ್ಲ ಎಂದು. ಒಬ್ಬಳಿಗೆ ಕೈ ಹಿಡಿದು ನಡೆಯುವ, ಪತ್ರ ಬರೆಯುವ, ಮದುವೆಯಾಗುವ ಆಸೆಯಿತ್ತು, ಹಾಸಿಗೆಯ ಆಸೆ ಮಾತ್ರ ಇರಲಿಲ್ಲ. ಇನ್ನೊಬ್ಬನಿಗೆ ಇವೆರಡೂ ಇರಲಿಲ್ಲ. ‘ಆಸೆಯಿಲ್ಲ’ ಎಂಬ ಒಂದೇ ಮಾತು ಇಬ್ಬರಿಗೂ ಸಾಲದಾದಾಗ ಎರಡನೆಯ ಅಳತೆಗೋಲು ಬೇಕಾಯಿತು. ಹೀಗೆ ಹೆಟೆರೋರೊಮ್ಯಾಂಟಿಕ್, ಹೋಮೋರೊಮ್ಯಾಂಟಿಕ್, ಬೈರೊಮ್ಯಾಂಟಿಕ್ ಎಂಬ ಸಾಲು ಬಂತು. ಸಾಲಿನ ಕೊನೆಗೆ ಅರೊಮ್ಯಾಂಟಿಕ್ ಬಂತು. ಹೊರಗಿನ ವಿದ್ವಾಂಸರ ಕೆಲಸವೂ ಅದೇ ಕಾಲಕ್ಕೆ ಹೊಂದಿಬಂದದ್ದು ಕಾಕತಾಳೀಯವಿರಬಹುದು, ಆದರೂ ಮುಖ್ಯ. 2003ರಲ್ಲಿ ಲೀಸಾ ಡೈಮಂಡ್ ಲೈಂಗಿಕ ಬಯಕೆ ಮತ್ತು ಪ್ರಣಯದ ಬಾಂಧವ್ಯ ಬೇರೆಬೇರೆ ವ್ಯವಸ್ಥೆಗಳು, ಒಂದು ಇಲ್ಲದೆ ಇನ್ನೊಂದು ನಡೆಯಬಲ್ಲದು ಎಂದು ವಾದಿಸಿದರು. ಮರುವರ್ಷ ಕೆನಡಾದ ಆಂಟನಿ ಬೊಗಾರ್ಟ್, ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯ ದತ್ತಾಂಶದಲ್ಲಿ ಸುಮಾರು ಶೇಕಡಾ 1 ಜನ ತಮಗೆ ಯಾರ ಮೇಲೂ ಲೈಂಗಿಕ ಸೆಳೆತ ಆಗಿಲ್ಲವೆಂದು ಉತ್ತರಿಸಿದ್ದನ್ನು ಎತ್ತಿ ತೋರಿಸಿದರು. ಆ ಸಮೀಕ್ಷೆ ನಡೆದದ್ದು 1990ರ ಆಸುಪಾಸಿನಲ್ಲಿ, ಜಾಲವೂ ಪದವೂ ಇಲ್ಲದಿದ್ದಾಗ.

ಬಳಕೆಗೆ ಬಿದ್ದ ಪದ ತನ್ನದೇ ಸಂಸಾರ ಕಟ್ಟಿಕೊಂಡಿತು. ಆಡುವ ಬಾಯಿಯಲ್ಲಿ ಅದು ‘ಆರೋ’ ಆಯಿತು. ಬಾಣಕ್ಕೂ ಇಂಗ್ಲಿಷಿನಲ್ಲಿ ಅದೇ ಉಚ್ಚಾರವಿರುವುದರಿಂದ ಬಾಣ ಗುರುತಾಯಿತು. 2014ರಲ್ಲಿ ಹಸಿರು, ತಿಳಿಹಸಿರು, ಬಿಳಿ, ಬೂದು, ಕಪ್ಪು ಪಟ್ಟೆಗಳ ಬಾವುಟ ಬಂತು. ಕೆಲವರು ಎಡಗೈ ನಡುಬೆರಳಿಗೆ ಬಿಳಿ ಉಂಗುರ ತೊಡುತ್ತಾರೆ. ಫೆಬ್ರವರಿ 14ರ ಪ್ರೇಮಿಗಳ ದಿನ ಕಳೆದ ಮರುವಾರವನ್ನು ಅರಿವಿನ ವಾರವಾಗಿ ಆಚರಿಸುತ್ತಾರೆ. ಸ್ನೇಹ ಎಂಬ ಸಾಮಾನ್ಯ ಪದಕ್ಕಿಂತ ಗಟ್ಟಿಯಾದ, ಒಟ್ಟಿಗೆ ಬಾಳುವ, ಆದರೆ ಪ್ರಣಯವಲ್ಲದ ಸಂಬಂಧಕ್ಕೆ 2010ರ ಹೊತ್ತಿಗೆ ‘ಕ್ವಿಯರ್‌ಪ್ಲೆಟಾನಿಕ್’ ಎಂಬ ಹೆಸರು ಹುಟ್ಟಿತು. ಆದರೆ ಬಳಕೆಯ ಇತಿಹಾಸದಲ್ಲಿ ನೋವಿನ ಭಾಗವೂ ಒಂದಿದೆ. ಅಸೆಕ್ಷುಯಲ್ ಜನರ ನಡುವೆ ಹುಟ್ಟಿದ್ದರಿಂದ ಅರೊಮ್ಯಾಂಟಿಕ್ ಎಂದರೆ ಅಸೆಕ್ಷುಯಲ್ ಎಂದೇ ಹೊರಗಿನವರು ತಿಳಿದರು. ದೇಹದ ಬಯಕೆಯಿದ್ದು ಪ್ರಣಯವಷ್ಟೇ ಇಲ್ಲದವರು ಎಲ್ಲಿಗೆ ಹೋಗಬೇಕು? ಅವರ ಬಗ್ಗೆ ಜಗತ್ತಿಗೆ ಸಿದ್ಧವಾಗಿದ್ದ ಚಿತ್ರ ಒಂದೇ: ಬಳಸಿ ಬಿಸಾಡುವವರು. ಪ್ರೇಮವಿದ್ದರೆ ಮಾತ್ರ ಕಾಮ ಶುದ್ಧ ಎಂಬ ನೀತಿ ಅವರ ಮೇಲೆ ಎಲ್ಲರಿಗಿಂತ ಭಾರವಾಗಿ ಬಿತ್ತು. ಇನ್ನೊಬ್ಬರಿಗೆ ಸುಳ್ಳು ಭರವಸೆ ಕೊಡದೆ, ಮೊದಲೇ ನಿಜ ಹೇಳಿ ನಡೆದುಕೊಳ್ಳುವವರನ್ನೂ ಅದು ವಂಚಕರ ಸಾಲಿಗೆ ಸೇರಿಸಿತು. ಅಸೆಕ್ಷುಯಲ್ ಸಂಘಟನೆಯ ಕವಲಾಗಿ ಉಳಿಯದೆ ಅರೊಮ್ಯಾಂಟಿಕ್ ಜನ ತಮ್ಮದೇ ವೇದಿಕೆ ಕಟ್ಟಿಕೊಂಡದ್ದಕ್ಕೆ, 2019ರಲ್ಲಿ ‘ಔರಿಯಾ’ ಎಂಬ ಸಂಘಟನೆ ಹುಟ್ಟಿದ್ದಕ್ಕೆ ಈ ಹಿನ್ನೆಲೆಯಿದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ಪ್ರೇಮ ಪಶ್ಚಿಮದ ಈಚಿನ ಸೃಷ್ಟಿಯೇನಲ್ಲವಲ್ಲ? ವಿಲಿಯಂ ಯಾಂಕೊವಿಯಾಕ್ ಮತ್ತು ಎಡ್ವರ್ಡ್ ಫಿಷರ್ ಎಂಬ ಮಾನವಶಾಸ್ತ್ರಜ್ಞರು 1992ರಲ್ಲಿ 166 ಸಮಾಜಗಳ ದಾಖಲೆ ಜಾಲಾಡಿ 147ರಲ್ಲಿ ಪ್ರಣಯದ ಕುರುಹು ಕಂಡರು. ವಿರಹದ ಹಾಡು, ಓಡಿಹೋದ ಜೋಡಿ, ಮನದನ್ನೆಗಾಗಿ ಸೊರಗಿದ ಯುವಕ ಎಲ್ಲೆಡೆ ಇದ್ದಾರೆ. ಹಾಗಿದ್ದರೆ ಪ್ರಣಯ ಮನುಷ್ಯ ಸಹಜ, ಅದಿಲ್ಲದಿರುವುದು ಕೊರತೆ ಎಂದಾಯಿತಲ್ಲ? ಈ ಅಧ್ಯಯನವನ್ನು ನಾನು ಒಪ್ಪುತ್ತೇನೆ. ಪ್ರೇಮವನ್ನು ಫ್ರಾನ್ಸಿನ ಕವಿಗಳು ಕಂಡುಹಿಡಿದರೆಂಬ ಹಳೆಯ ವಾದ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಅದು ಎಣಿಸಿದ್ದು ಸಮಾಜಗಳನ್ನು, ವ್ಯಕ್ತಿಗಳನ್ನಲ್ಲ. ಒಂದು ಊರಿನಲ್ಲಿ ಹಾಡುವವರಿದ್ದಾರೆ ಎಂಬುದರಿಂದ ಆ ಊರಿನ ಎಲ್ಲರೂ ಹಾಡುತ್ತಾರೆಂದು ಸಿದ್ಧವಾಗುವುದಿಲ್ಲ. ಅದೇ ಯಾಂಕೊವಿಯಾಕ್ 2015ರಲ್ಲಿ ಸಂಗಡಿಗರೊಡನೆ 168 ಸಂಸ್ಕೃತಿಗಳನ್ನು ನೋಡಿ, ತುಟಿಗೆ ತುಟಿ ಕೊಡುವ ಪ್ರಣಯದ ಮುತ್ತು 77ರಲ್ಲಿ ಮಾತ್ರ, ಅಂದರೆ ಅರ್ಧಕ್ಕಿಂತ ಕಡಿಮೆ ಕಡೆ ಇದೆಯೆಂದು ತೋರಿಸಿದರು. ಸಿನಿಮಾ ನೋಡಿ ಬೆಳೆದ ನಮಗೆ ಉಸಿರಾಟದಷ್ಟು ಸಹಜವೆನಿಸಿದ್ದು ಕೂಡ ಎಲ್ಲರದೂ ಆಗಿರಲಿಲ್ಲ. ಪ್ರಣಯದ ಸಾಮರ್ಥ್ಯ ಬಹುತೇಕ ಎಲ್ಲ ಸಮಾಜಗಳಲ್ಲೂ ಇರುವುದು, ಅದನ್ನು ಬದುಕಿನ ಪ್ರವೇಶಪತ್ರ ಮಾಡಿಕೊಂಡ ಸಮಾಜಗಳು ಕೆಲವೇ ಇರುವುದು, ಈ ಎರಡು ಸಂಗತಿಗಳು ಒಟ್ಟಿಗೆ ನಿಲ್ಲುತ್ತವೆ. ನನ್ನ ವಾದಕ್ಕೆ ಬೇಕಾದದ್ದು ಅಷ್ಟೇ.

ಇನ್ನೊಂದು ಆಕ್ಷೇಪ ಮನೆಮನೆಯಲ್ಲಿ ಕೇಳಿಬರುವಂಥದ್ದು: ಸರಿಯಾದವರು ಇನ್ನೂ ಸಿಕ್ಕಿಲ್ಲ, ಸಿಕ್ಕರೆ ಎಲ್ಲ ತಾನಾಗಿ ಆಗುತ್ತದೆ; ಇಲ್ಲವೇ ಹಿಂದೆ ಯಾವುದೋ ಪೆಟ್ಟು ಬಿದ್ದಿದೆ. ಇದರಲ್ಲಿ ಮೊದಲನೆಯದನ್ನು ಸುಳ್ಳೆಂದು ತೋರಿಸುವ ದಾರಿಯೇ ಇಲ್ಲ. ಎಂಬತ್ತರ ಮುದುಕನಿಗೂ ಇನ್ನೂ ಸಿಕ್ಕಿಲ್ಲ ಎನ್ನಬಹುದು. ಎಂದೂ ಸೋಲದ ಮಾತು ಯಾವುದಕ್ಕೂ ಪುರಾವೆಯಾಗುವುದಿಲ್ಲ. ಎರಡನೆಯದು ನಮ್ಮ ಕಥೆಗಳು ಕಲಿಸಿದ ಅಭ್ಯಾಸ. ಡಿಕನ್ಸ್ 1861ರಲ್ಲಿ ಮುಗಿಸಿದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನ ಮಿಸ್ ಹ್ಯಾವಿಶಾಮ್ ಮದುವೆಯ ದಿನ ವರ ಕೈಕೊಟ್ಟದ್ದರಿಂದ ಗಡಿಯಾರಗಳನ್ನೇ ನಿಲ್ಲಿಸಿ ಮದುವೆಯ ಉಡುಗೆಯಲ್ಲೇ ಮುದಿಯಾಗುತ್ತಾಳೆ. ನಮ್ಮಲ್ಲಿ 1974ರ ‘ಎರಡು ಕನಸು’ ಚಿತ್ರದ ನಾಯಕ ಕೈಹಿಡಿದ ಹೆಂಡತಿಯತ್ತ ಮನಸ್ಸು ಕೊಡದಿರುವುದಕ್ಕೆ ಕಾರಣ ಕೈತಪ್ಪಿದ ಮೊದಲ ಪ್ರೇಮ. ಒಬ್ಬರು ಪ್ರಣಯದಿಂದ ದೂರವಿದ್ದರೆ ಅದರ ಹಿಂದೆ ಇನ್ನೊಂದು ಪ್ರಣಯವೇ ಇರಬೇಕು ಎಂಬುದು ಕಥೆಗಾರರ ನಿಯಮವಾಗಿಬಿಟ್ಟಿದೆ. ಹಿಂದೆಯೂ ಏನಿಲ್ಲ, ಗಾಯವಿಲ್ಲ, ಗುಟ್ಟಿಲ್ಲ, ಆ ಮನುಷ್ಯ ಹೀಗೇ ಇರುವುದು ಎಂದರೆ ಕೇಳುವ ಕಿವಿಯೇ ಇರಲಿಲ್ಲ. ಪೆಟ್ಟು ತಿಂದು ಪ್ರೇಮದಿಂದ ಹಿಂಜರಿಯುವವರು ಖಂಡಿತ ಇದ್ದಾರೆ, ಅವರಿಗೆ ನೆರವು ಬೇಕಾಗಬಹುದು. ಅವರಿಗೆ ಸೆಳೆತವಿದೆ, ಭಯವೂ ಇದೆ. ಟೆನೊವ್ ಕಂಡ ಜನರಲ್ಲಿ ಸೆಳೆತವೇ ಇರಲಿಲ್ಲ. ಆಲಿಸ್ ಓಸ್‌ಮನ್ 2020ರಲ್ಲಿ ಬರೆದ ‘ಲವ್‌ಲೆಸ್’ ಕಾದಂಬರಿಯ ಜಾರ್ಜಿಯಾ ಇಂಥವರನ್ನು ತೋರಿಸುವ ಹೊಸ ಪಾತ್ರ. ಅವಳಿಗೆ ಪ್ರೇಮಕಥೆಗಳೆಂದರೆ ಪ್ರಾಣ; ಕಾಲೇಜಿಗೆ ಸೇರಿದ ಮೇಲೆ ತನಗೆ ಮಾತ್ರ ಹಾಗಾಗುವುದಿಲ್ಲವೆಂದು ತಿಳಿದು ದುಃಖಪಡುತ್ತಾಳೆ, ಕೊನೆಗೆ ಗೆಳೆಯರ ನಡುವೆ ನೆಲೆ ಕಾಣುತ್ತಾಳೆ. ಆ ದುಃಖವನ್ನು ಓಸ್‌ಮನ್ ಮುಚ್ಚಿಡದಿರುವುದು ನನಗೆ ಮೆಚ್ಚುಗೆಯಾಗುತ್ತದೆ.

ಇದೆಲ್ಲ ಎಳೆಯರು ಜಾಲದಲ್ಲಿ ಅಂಟಿಸಿಕೊಳ್ಳುವ ಚೀಟಿ ಎನ್ನುವವರಿಗೆ ಕೆರ್ಟ್‌ಬೆನಿಯನ್ನು ನೆನಪಿಸಬೇಕು. ಹೆಟೆರೋಸೆಕ್ಷುಯಲ್ ಎಂಬ ಪದಕ್ಕೂ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಆ ಪದ ಹುಟ್ಟುವ ಮೊದಲು ಗಂಡು ಹೆಣ್ಣು ಒಲಿಯುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಪದದ ವಯಸ್ಸಿನಿಂದ ಜನರ ವಯಸ್ಸನ್ನು ಅಳೆಯಲು ಬರುವುದಿಲ್ಲ. ಹಾಗೆಂದು ಹಳೆಯ ಕಾಲದವರ ಮೇಲೆ ಹೊಸ ಹೆಸರು ಹೇರುವುದಕ್ಕೂ ಹಕ್ಕು ಸಿಗುವುದಿಲ್ಲ, ಈ ತಪ್ಪನ್ನು ಪದದ ಅಭಿಮಾನಿಗಳೇ ಆಗಾಗ ಮಾಡುತ್ತಾರೆ. ಅಮೆರಿಕದ ವೆಲ್ಸ್‌ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕ್ಯಾಥರೀನ್ ಲೀ ಬೇಟ್ಸ್ ಮತ್ತು ಕ್ಯಾಥರೀನ್ ಕೋಮನ್ 1915ರಲ್ಲಿ ಕೋಮನ್ ತೀರಿಕೊಳ್ಳುವವರೆಗೆ ದಶಕಗಳ ಕಾಲ ಒಟ್ಟಿಗೆ ಬಾಳಿದರು. ಅಂಥ ಜೊತೆಬಾಳಿಗೆ ಆಗ ‘ಬಾಸ್ಟನ್ ಮ್ಯಾರೇಜ್’ ಎನ್ನುತ್ತಿದ್ದರು. ಕೆಲವು ವಿದ್ವಾಂಸರು ಅದನ್ನು ಪ್ರಣಯವೆನ್ನುತ್ತಾರೆ, ಕೆಲವರು ಸ್ನೇಹವೆನ್ನುತ್ತಾರೆ. ನನಗೆ ಮುಖ್ಯವೆನಿಸುವುದು ಅವರಿಬ್ಬರ ನೆರೆಯವರು ಆ ಪ್ರಶ್ನೆ ಕೇಳದೆಯೇ ಆ ಮನೆಗೊಂದು ಹೆಸರು ಕೊಟ್ಟು ಗೌರವದಿಂದ ಕಂಡದ್ದು. ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಅಂಥ ಮನೆಗಳ ಮೇಲೆ ಅನುಮಾನದ ಕಣ್ಣು ಬಿತ್ತು: ಇದು ಪ್ರೇಮವೋ ಅಲ್ಲವೋ ಎಂದು ಹೇಳಲೇಬೇಕಾಯಿತು.

ಭಾರತಕ್ಕೆ ಈ ಪದ ಬೇಕೇ ಎಂಬ ಪ್ರಶ್ನೆ ಉಳಿಯಿತು. ನಮ್ಮಲ್ಲಿ ಮದುವೆಯನ್ನು ಹಿರಿಯರು ನಿಶ್ಚಯಿಸುತ್ತಾರೆ, ಮದುವೆ ಬೇಡವೆಂದವರಿಗೆ ವೈರಾಗ್ಯದ ದೊಡ್ಡ ದಾರಿಯಿದೆ, ಇನ್ನೇನು ಕೊರತೆ ಎನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ಸತ್ಯವಿತ್ತು. ಕೆಫಾರ್ಟ್‌ನ ಪ್ರಶ್ನೆಯನ್ನು ರಾಬರ್ಟ್ ಲೆವಿನ್ ಮತ್ತು ಸಂಗಡಿಗರು ಹನ್ನೊಂದು ದೇಶಗಳಲ್ಲಿ ಕೇಳಿ 1995ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಪ್ರೇಮವಿಲ್ಲದಿದ್ದರೂ ಮದುವೆಯಾಗುತ್ತೇವೆ ಎಂದ ಅಮೆರಿಕದ ವಿದ್ಯಾರ್ಥಿಗಳು ಶೇಕಡಾ 4 ಕೂಡ ಇರಲಿಲ್ಲ. ಭಾರತದಲ್ಲಿ ಅವರು ಸುಮಾರು ಶೇಕಡಾ 49. ಷಾರ್ಲೆಟ್‌ಳ ಊರು ಇಲ್ಲಿ ಇನ್ನೂ ಇತ್ತು. ಆದರೆ ಅದೇ ಸಮೀಕ್ಷೆಯಲ್ಲಿ ಭಾರತದ ಸುಮಾರು ಶೇಕಡಾ 24 ಜನ ಇಲ್ಲವೆಂದರು, ಉಳಿದವರು ಗೊತ್ತಿಲ್ಲವೆಂದರು. ಅಂದಿನಿಂದ ಈಚೆಗೆ ನಿಶ್ಚಯದ ಮದುವೆಯ ಒಳಗೂ ಪ್ರಣಯದ ನಿರೀಕ್ಷೆ ನುಗ್ಗಿದೆ: ನಿಶ್ಚಿತಾರ್ಥವಾದ ಮೇಲೆ ರಾತ್ರಿಯೆಲ್ಲ ಫೋನು, ಮದುವೆಗೆ ಮುಂಚೆ ತೋಟದಲ್ಲೋ ಕೋಟೆಯಲ್ಲೋ ನಿಂತು ಪ್ರೇಮಿಗಳ ಭಂಗಿಯಲ್ಲಿ ಫೋಟೋ ಶೂಟು. ಜಾತಕ ಕೂಡಿದರೆ ಸಾಕಿದ್ದ ಕಡೆ ಈಗ ಹೃದಯವೂ ಕೂಡಿದೆಯೆಂದು ತೋರಿಸಬೇಕು. ಆ ಭಂಗಿ ಯಾರಿಗೆ ಬರುವುದಿಲ್ಲವೋ ಅವರ ಸಂಕಟ ಟೊರಾಂಟೋದವರ ಸಂಕಟಕ್ಕಿಂತ ಹೆಚ್ಚು, ಯಾಕೆಂದರೆ ಅವರಿಗೆ ಮದುವೆಯನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಕಡಿಮೆ. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಇನ್ನೊಂದನ್ನೂ ಮರೆಯಬಾರದು: ಅಲ್ಲಿ ಪ್ರೇಮ ಕಡ್ಡಾಯವಿರಲಿಲ್ಲ, ಆದರೆ ದಾಂಪತ್ಯ ಕಡ್ಡಾಯವಾಗಿತ್ತು, ಅದರಲ್ಲೂ ಹೆಣ್ಣಿಗೆ.

ವೈರಾಗ್ಯದ ವಾದ ಇನ್ನೂ ಸಡಿಲ. ವಿರಕ್ತಿ ಎಂದರೆ ಅಂಟಿದ್ದನ್ನು ಬಿಡಿಸಿಕೊಳ್ಳುವುದು. ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ವೃಷಭನಾಥನಿಗೆ ವೈರಾಗ್ಯ ಹುಟ್ಟುವುದು ನೀಲಾಂಜನೆ ಕುಣಿಯುತ್ತಿರುವಾಗಲೇ ಮಾಯವಾದದ್ದನ್ನು ಕಂಡು. ಆ ನೃತ್ಯದ ಚೆಲುವಿಗೆ ಮನಸೋಲುವ ಸಭೆಯಿಲ್ಲದೆ ಆ ಪ್ರಸಂಗಕ್ಕೆ ಬಲವೇ ಇಲ್ಲ. ಪಂಪ ಆ ಚೆಲುವನ್ನು ಅಷ್ಟು ತುಂಬಿ ವರ್ಣಿಸುವುದೂ ಅದಕ್ಕೇ. ಅಕ್ಕಮಹಾದೇವಿ ಲೋಕದ ಗಂಡನನ್ನು ತೊರೆದದ್ದು ಚೆನ್ನಮಲ್ಲಿಕಾರ್ಜುನನ ಮೇಲಿನ ಉತ್ಕಟ ಪ್ರೇಮದಿಂದ. ಕನ್ನಡದಲ್ಲಿ ಅದಕ್ಕಿಂತ ತೀವ್ರವಾದ ಪ್ರಣಯದ ದನಿ ಹುಡುಕುವುದು ಕಷ್ಟ. ಹನ್ನೊಂದನೆಯ ಶತಮಾನದ ಭೋಜರಾಜನಂತೂ ಶೃಂಗಾರವೊಂದೇ ರಸವೆಂದು ಸಾಧಿಸಹೊರಟ. ಬಿಟ್ಟವರಿಗೂ ಹಿಡಿದವರಿಗೂ ನಮ್ಮ ಪರಂಪರೆಯಲ್ಲಿ ಗೌರವದ ಹೆಸರುಗಳಿವೆ. ಬಿಡಲು ಏನೂ ಇಲ್ಲದ, ಆದರೆ ಸಂತೆ, ಕಚೇರಿ, ಗೆಳೆಯರು, ತಂಗಿಯ ಮಕ್ಕಳು ಎಲ್ಲದರ ನಡುವೆಯೇ ಬಾಳಲು ಬಯಸುವ ಸಾಮಾನ್ಯ ಮನುಷ್ಯನಿಗೆ ಸನ್ಯಾಸವನ್ನು ತೋರಿಸುವುದು ಅವನನ್ನು ಊರ ಹೊರಗೆ ಕಳಿಸಿದಂತೆ. ಅವನಿಗೆ ಬೇಕಾಗಿರುವುದು ಊರೊಳಗಿನ ಮನೆ.

ಆದ್ದರಿಂದ ಈ ಪದದ ಮುಂದಿನ ಇತಿಹಾಸ ನಿಘಂಟಿಗಿಂತ ಕಾನೂನಿನ ಪುಸ್ತಕದಲ್ಲಿ ನಡೆಯಬೇಕೆಂದು ನನಗನ್ನಿಸುತ್ತದೆ. ತತ್ವಶಾಸ್ತ್ರಜ್ಞೆ ಎಲಿಜಬೆತ್ ಬ್ರೇಕ್ 2012ರ ‘ಮಿನಿಮೈಸಿಂಗ್ ಮ್ಯಾರೇಜ್’ ಪುಸ್ತಕದಲ್ಲಿ, ಎಲ್ಲರಿಗೂ ಏಕೈಕ ಪ್ರಣಯ ಸಂಗಾತಿಯೇ ಜೀವನದ ಗುರಿ ಎಂಬ ಊಹೆಗೆ ‘ಅಮ್ಯಾಟೊನಾರ್ಮ್ಯಾಟಿವಿಟಿ’ ಎಂದು ಹೆಸರಿಟ್ಟು, ಆ ಊಹೆಯಿಂದ ಸ್ನೇಹಿತರಿಗೂ ಪರಸ್ಪರ ಆರೈಕೆಯಲ್ಲಿ ಬದುಕುವವರಿಗೂ ಆಗುವ ಅನ್ಯಾಯವನ್ನು ಬಿಡಿಸಿ ತೋರಿಸಿದರು. ಭಾರತದಲ್ಲಿ ಅದಕ್ಕೆ ಉತ್ತರದ ತುಣುಕುಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ವಯಸ್ಕರೊಬ್ಬರು ತಮ್ಮ ಪ್ರತಿನಿಧಿಯಾಗಿ ರಕ್ತಸಂಬಂಧವಿಲ್ಲದವರನ್ನೂ ನೇಮಿಸಿಕೊಳ್ಳಬಹುದು. 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್, ಮದುವೆಯ ಹೊರಗೆ ಒಟ್ಟಿಗೆ ಬಾಳುವವರಿಗಾಗಿ ಕೌಟುಂಬಿಕ ಸಹಬಾಳ್ವೆಯ ಕರಾರುಪತ್ರವನ್ನು ಪರಿಶೀಲಿಸುವಂತೆ ತಮಿಳುನಾಡು ಸರ್ಕಾರಕ್ಕೆ ಹೇಳಿತು; ಪ್ರಕರಣ ಸಲಿಂಗಿ ಜೋಡಿಗಳದ್ದು, ಆದರೆ ಆ ಯೋಚನೆ ಅವರಿಗಷ್ಟೇ ಸಲ್ಲಬೇಕಾಗಿಲ್ಲ. ಇನ್ನೂ ಮುಂದೆ ಹೋಗಿರುವುದು ಕೆನಡಾದ ಆಲ್ಬರ್ಟಾ ಪ್ರಾಂತ್ಯ. ಅಲ್ಲಿ 2003ರಲ್ಲಿ ಜಾರಿಗೆ ಬಂದ ವಯಸ್ಕರ ಪರಸ್ಪರಾವಲಂಬಿ ಸಂಬಂಧಗಳ ಕಾಯ್ದೆ ಇಬ್ಬರ ನಡುವೆ ಪ್ರೇಮವಿದೆಯೇ ಎಂದು ಕೇಳುವುದಿಲ್ಲ. ಒಬ್ಬರ ಬದುಕಿನಲ್ಲಿ ಇನ್ನೊಬ್ಬರಿಗೆ ಪಾಲಿದೆಯೇ, ಭಾವನೆಯ ಬದ್ಧತೆಯಿದೆಯೇ, ಮನೆಯನ್ನೂ ಹಣವನ್ನೂ ಒಟ್ಟಿಗೆ ನಡೆಸುತ್ತಾರೆಯೇ ಎಂಬಷ್ಟನ್ನೇ ಕೇಳುತ್ತದೆ. ಲಿಖಿತ ಒಪ್ಪಂದ ಮಾಡಿಕೊಂಡರೆ ಇಬ್ಬರು ಗೆಳತಿಯರಿಗೂ ಅದು ಸಲ್ಲುತ್ತದೆ, ಅಕ್ಕತಂಗಿಯರಿಗೂ ಸಲ್ಲುತ್ತದೆ.